ರಶೀದಿಯಿಲ್ಲದ ಮುಂಗಡ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರವರೆಗಿನ ಅರ್ಧ ಶತಮಾನದ ಅವಧಿಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ದಾಯವಿಭಾಗ, ಋಣಾದಾನ, ಸೀಮಾವಿವಾದ ಮುಂತಾದ ಘನವಿಷಯಗಳ ನಡುವೆ, ಇಂದಿನ ಸಂಭಾವಿತ ಗೃಹಸ್ಥರು ಓದಿದರೆ ಹುಬ್ಬೇರಿಸಬಹುದಾದ ಒಂದು ಸಣ್ಣ ವಿಧಿಯನ್ನೂ ಎದುರಿಸಬೇಕಾಯಿತು. ವೇಶ್ಯೆಯು ಶುಲ್ಕವನ್ನು ಸ್ವೀಕರಿಸಿ ಅನಂತರ ಒಲ್ಲೆನೆಂದರೆ ಆ ಶುಲ್ಕದ ಇಮ್ಮಡಿಯನ್ನು ತೆರಬೇಕು. ಶುಲ್ಕವನ್ನು ಪಡೆಯದೆ ಮಾತು ತಪ್ಪಿದ್ದರೆ ಅದಕ್ಕೆ ಸಮನಾದುದನ್ನು ಕೊಡಬೇಕು. ಮಾತು ತಪ್ಪಿದವನು ಪುರುಷನಾದರೆ ಅವನಿಗೂ ಇಂಥದೇ ನಿಯಮ ಎಂಬುದು ಆ ಸ್ಮೃತಿಯ ತೀರ್ಮಾನ. ಇದಕ್ಕೂ ಬಹಳ ಹಿಂದಿನದಾದ ಅರ್ಥಶಾಸ್ತ್ರವು ಗಣಿಕಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ಗಣಿಕೆಯ ಆಯವ್ಯಯಗಳ ಲೆಕ್ಕವನ್ನು ಅವನಿಗೆ ಒಪ್ಪಿಸಿತ್ತು; ಹಣ ಪಡೆದು ವಿಮುಖಳಾದವಳಿಗೆ ಇಮ್ಮಡಿ ದಂಡವನ್ನು ವಿಧಿಸಿದ ಆ ಗ್ರಂಥವೇ, ಅವಳ ಆಭರಣವನ್ನಾಗಲಿ ಅವಳಿಗೆ ಸಲ್ಲಬೇಕಾದ ಶುಲ್ಕವನ್ನಾಗಲಿ ಅಪಹರಿಸಿದವನಿಗೆ ಎಂಟು ಮಡಿ ದಂಡವನ್ನು ವಿಧಿಸಿತು. ಈ ವೃತ್ತಿಯನ್ನು ಆ ಶಾಸ್ತ್ರಕಾರರು ಮೆಚ್ಚಿಕೊಂಡಿದ್ದರೆಂದು ಇದರಿಂದ ಭಾವಿಸಬೇಕಾಗಿಲ್ಲ. ಮೆಚ್ಚದಿದ್ದ ವ್ಯವಹಾರದಲ್ಲಿಯೂ ಮೋಸ ನಡೆದೀತೆಂಬುದನ್ನೂ, ಮೋಸ ನಡೆದಲ್ಲಿ ದೂರನ್ನು ಕೇಳಲು ಒಬ್ಬನಿರಬೇಕೆಂಬುದನ್ನೂ ಅವರು ಅರಿತಿದ್ದರು, ಅಷ್ಟೆ.

ಆ ಕಲ್ಯಾಣವು 1956ರ ನವೆಂಬರ್ ಒಂದರವರೆಗೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿತ್ತು. ಅಲ್ಲಿಂದ, ಕಲಬುರಗಿ ರಾಯಚೂರುಗಳಿಂದ, ಓದಿಗೂ ಉದ್ಯೋಗಕ್ಕೂ ಹೈದರಾಬಾದಿನ ದಾರಿ ಹಿಡಿಯುವ ರೂಢಿಯನ್ನು ರಾಜ್ಯಗಳ ಪುನರ್ವಿಂಗಡಣೆಯು ಅಳಿಸಲಿಲ್ಲ. ಹಿಂದಿನ ತಲೆಮಾರಿನ ಕನ್ನಡಿಗರು ಕಾಚಿಗುಡದಲ್ಲಿ ನೆಲೆಸಿ ನೃಪತುಂಗನ ಹೆಸರಿನ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡರು. ಈಗಿನ ತರುಣರಿಗಾದರೋ ಬಾಡಿಗೆ ಎಲ್ಲಿ ಕಡಿಮೆಯೋ ಮೆಟ್ರೊ ಎಲ್ಲಿ ಹತ್ತಿರವೋ ಅದೇ ಬಡಾವಣೆ. ನಗರದ ಪೂರ್ವದ ಅಂಚಿನಲ್ಲಿ, ವರಂಗಲ್ಲಿನ ಹೆದ್ದಾರಿ ಹೊರಡುವಲ್ಲಿ ಇರುವ ಉಪ್ಪಲ್ ಅಂಥದೊಂದು ಸ್ಥಳ. ಒಂದು ಕಾಲಕ್ಕೆ ಕೈಗಾರಿಕಾ ವಸಾಹತು, ಭೂಭೌತ ಸಂಶೋಧನಾಲಯ, ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ ಇವುಗಳಿಂದ ಹೆಸರಾಗಿದ್ದ ಈ ದಿಕ್ಕಿಗೆ ಅನಂತರ ರಾಜೀವ್ ಗಾಂಧಿ ಕ್ರಿಕೆಟ್ ಕ್ರೀಡಾಂಗಣ ಬಂದಿತು. 2017ರ ನವೆಂಬರಿನಲ್ಲಿ ಮೆಟ್ರೊ ಬಂದಿತು. 2023ರಲ್ಲಿ ರಿಂಗ್ ರೋಡಿನ ಚೌಕದ ಮೇಲೆ ಸುಮಾರು 660 ಮೀಟರು ಉದ್ದದ ಆಕಾಶಪಥ ಬಂದಿತು. ಹನುಮಕೊಂಡ, ಯಾದಗಿರಿಗುಟ್ಟಗಳ ಬಸ್ಸಿಗೆ ಕಾಯುವವರು, ಪಂದ್ಯವನ್ನು ನೋಡಲು ಬಂದವರು, ಇಲ್ಲಿ 'ಹಾಸ್ಟೆಲ್' ಎಂದೇ ಕರೆಯಲ್ಪಡುವ ಖಾಸಗಿ ವಸತಿಗಳಲ್ಲಿ ಒಂದು ಕೋಣೆಗೆ ಮೂವರು ನಾಲ್ವರಂತೆ ಮಲಗುವ ಹುಡುಗರು, ದಿನಬಾಡಿಗೆಯ ಸಣ್ಣ ಲಾಡ್ಜುಗಳು, ಹೀಗೆ ಊರು ಬಿಟ್ಟು ಬಂದವರೂ ಊರಿಗೆ ಹೊರಟವರೂ ಬೆರೆಯುವ ಇಂಥ ಸಂಧಿಸ್ಥಾನದ ಹೆಸರನ್ನು ದೂರವಾಣಿಯ ಹುಡುಕಾಟದಲ್ಲಿ ಬರೆದೊಡನೆ, ಅದರ ಬೆನ್ನಿಗೆ ಇನ್ನೊಂದು ಶಬ್ದ ತಾನಾಗಿಯೇ ಅಂಟಿಕೊಂಡು ಬರುವುದುಂಟು: ಎಸ್ಕಾರ್ಟ್ ಏಜೆನ್ಸಿ.

ಈ ಏಜೆನ್ಸಿಗಳಿಗೆ ಉಪ್ಪಲ್‌ನಲ್ಲಿ ಕಚೇರಿಯಿಲ್ಲ. ಅವುಗಳಲ್ಲಿ ಬಹುಪಾಲಿಗೆ ಎಲ್ಲಿಯೂ ಇಲ್ಲ. ಒಂದೇ ಜಾಹೀರಾತನ್ನು ಬಡಾವಣೆಯ ಹೆಸರು ಮಾತ್ರ ಬದಲಿಸಿ ನಾಗೋಲಿಗೆ ಒಂದು, ಹಬ್ಸಿಗುಡಕ್ಕೆ ಒಂದು, ತಾರ್ನಾಕಕ್ಕೆ ಒಂದು ಎಂದು ಅಚ್ಚು ಹಾಕಿರುತ್ತಾರೆ. ಚಿತ್ರದಲ್ಲಿರುವ ಹೆಣ್ಣುಮಗಳು ಯಾವ ದೇಶದವಳೋ, ತನ್ನ ಭಾವಚಿತ್ರ ಇಲ್ಲಿ ತೂಗುಬಿದ್ದಿರುವ ಸಂಗತಿಯೇ ಅವಳಿಗೆ ತಿಳಿದಿರಲಾರದು. ಆದರೂ ಅಲ್ಲಿ ಬಳಕೆಯಾಗುವ ಭಾಷೆ ಮಾತ್ರ ಪ್ರತಿಷ್ಠಿತ ವ್ಯಾಪಾರ ಸಂಸ್ಥೆಯದು. ಇಪ್ಪತ್ತನಾಲ್ಕು ಗಂಟೆಯ ಸೇವೆ, ಪರಿಶೀಲಿತ ವ್ಯಕ್ತಿಗಳು, ಗೋಪ್ಯತೆಯ ಭರವಸೆ, ತೃಪ್ತಿಯಾಗದಿದ್ದರೆ ಹಣ ವಾಪಸು! ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯಿಂದ ಹಿಡಿದು ಅಡಿಗೆಯ ಅನಿಲದ ಸಿಲಿಂಡರಿನವರೆಗೆ ಎಲ್ಲಕ್ಕೂ 'ಬುಕಿಂಗ್' ಎಂಬ ವಿಧಿಗೆ ಒಗ್ಗಿಹೋದ ನಮ್ಮ ಮನಸ್ಸು, ವಿಧಿಯ ಹಂತಗಳು ಕ್ರಮವಾಗಿ ಬಂದವೆಂದರೆ ಅದರ ಹಿಂದೆ ಸಂಸ್ಥೆಯೊಂದು ಇದ್ದೇ ಇದೆಯೆಂದು ನಂಬುತ್ತದೆ. ಈ ನಂಬಿಕೆಯೇ ವಂಚಕನ ಮೂಲಧನದ ಮೊದಲ ಭಾಗ.

ರಾಯಚೂರಿನ ಕಡೆಯಿಂದ ಬಂದು, ಉಪ್ಪಲ್‌ನ ಹಾಸ್ಟೆಲೊಂದರಲ್ಲಿದ್ದುಕೊಂಡು ಮೊದಲ ಸಂಬಳವನ್ನು ಎಣಿಸುತ್ತಿರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಅನುಭವದ ಹಂತಗಳಲ್ಲಿ ನಾನು ಕಲ್ಪಿಸಿದುದು ಬಹಳವಿಲ್ಲ, ಪೊಲೀಸರ ಮುಂದೆ ಬಂದಿರುವ ದೂರುಗಳ ಮಾದರಿಯೇ ಅದು. ವಾಟ್ಸ್ಆ್ಯಪಿನಲ್ಲಿ ಒಂದು ನಮಸ್ಕಾರವನ್ನು ಕಳುಹಿಸಿದ ಕೂಡಲೇ 'ಸರ್' ಎಂಬ ಸಂಬೋಧನೆಯೊಡನೆ ನಾಲ್ಕಾರು ಚಿತ್ರಗಳೂ ದರದ ಪಟ್ಟಿಯೂ ಬರುತ್ತವೆ. ಒಪ್ಪಿಗೆಯಾದರೆ 'ಟೋಕನ್' ಎಂದು ಐನೂರು ರೂಪಾಯಿ ಕಳುಹಿಸಬೇಕು. ಅದು ತಲುಪಿದೊಡನೆ ಹೋಟೆಲಿನ ಹೆಸರು ಬರುತ್ತದೆ. ಆ ಹೋಟೆಲು ನಿಜವಾಗಿಯೂ ಇರುತ್ತದೆ, ಈ ವ್ಯವಹಾರದ ಗಂಧಗಾಳಿಯಿಲ್ಲದೆ. ತರುಣನು ಅದರ ಮುಂದೆ ನಿಂತು ತನ್ನ ನೆಲೆಯನ್ನು ಕಳುಹಿಸಿದಾಗ, ಮೇಡಂ ಮೇಲಿನ ಕೋಣೆಯಲ್ಲಿದ್ದಾರೆ, ಒಳಕ್ಕೆ ಬರಲು 'ಗೇಟ್ ಪಾಸ್' ಆಗಬೇಕು, ಎರಡು ಸಾವಿರ, ಹೊರಡುವಾಗ ಹಿಂದಿರುಗಿಸುತ್ತೇವೆ, ಎಂದಾಗುತ್ತದೆ. ಅದಾದ ಮೇಲೆ ಭದ್ರತಾ ಠೇವಣಿ. ಠೇವಣಿಯಾದ ಮೇಲೆ ಆರೋಗ್ಯ ತಪಾಸಣೆಯ ಪತ್ರ. ಸಹನೆ ಮೀರಿ, ಏನೂ ಬೇಡ, ಹಣವನ್ನು ವಾಪಸು ಮಾಡಿ ಎಂದು ಅವನು ಕೇಳಿದರೆ ಯಾರೂ ಸಿಡುಕುವುದಿಲ್ಲ. ಅಕೌಂಟ್ಸ್ ವಿಭಾಗದವರು ಎಂದು ಹೇಳಿಕೊಳ್ಳುವ ಮತ್ತೊಂದು ಮೃದುವಾದ ದನಿ ಬಂದು, ತಮ್ಮ ಒಟ್ಟು ಮೊತ್ತ ಏಳು ಸಾವಿರದ ಐನೂರು ಆಗಿದೆ, ಹತ್ತು ಸಾವಿರಕ್ಕೆ ಪೂರ್ಣಗೊಂಡರೆ ಮಾತ್ರ ಯಂತ್ರವು ಮರುಪಾವತಿಯನ್ನು ಸ್ವೀಕರಿಸುತ್ತದೆ, ಆದ್ದರಿಂದ ಇನ್ನು ಎರಡೂವರೆ ಸಾವಿರವನ್ನು ಕಳುಹಿಸಿರಿ ಎಂದು ಸಾಂತ್ವನದ ರೀತಿಯಲ್ಲಿ ತಿಳಿಸುತ್ತದೆ. ಅಥವಾ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ತಮ್ಮ ಖಾತೆಗೆ ಬರುವುದೆಂದು ಬೋಧಿಸುತ್ತದೆ. ಹಣವನ್ನು ಪಡೆಯುವವನು ಪಿನ್ ಒತ್ತಬೇಕಾದ ಪ್ರಮೇಯವೇ ಇಲ್ಲವೆಂಬುದು, ದಿನಕ್ಕೆ ಹತ್ತು ಬಾರಿ ಫೋನ್‌ಪೇ ಬಳಸುವವನಿಗೂ ಆ ಕ್ಷಣದಲ್ಲಿ ಹೊಳೆಯದಿರುವುದು ಆಶ್ಚರ್ಯವಲ್ಲ. ಅವನ ಬುದ್ಧಿ ಆಗ ಹಿಂದಿನ ಏಳೂವರೆ ಸಾವಿರವನ್ನು ಉಳಿಸಿಕೊಳ್ಳುವುದರಲ್ಲಿ ಮಗ್ನವಾಗಿರುತ್ತದೆ.

ಇಷ್ಟರಲ್ಲಿ ನಿಂತರೆ ಅವನು ಪುಣ್ಯವಂತ. ಕೊಡುವುದನ್ನು ನಿಲ್ಲಿಸಿದವನಿಗೆ ಮುಂದಿನ ಅಂಕದಲ್ಲಿ ಸ್ವರ ಬದಲಾಗುತ್ತದೆ. ಅವನ ವಾಟ್ಸ್ಆ್ಯಪಿನ ಮುಖಚಿತ್ರವನ್ನೂ, ಮಾತುಕತೆಯ ನಕಲನ್ನೂ, ಫೇಸ್‌ಬುಕ್ಕಿನಲ್ಲಿ ಸಿಕ್ಕ ಅಕ್ಕ ತಂಗಿಯರ ಹೆಸರನ್ನೂ ಒಂದುಗೂಡಿಸಿ, ಊರಿಗೆಲ್ಲ ಕಳುಹಿಸುತ್ತೇವೆಂದು ಬೆದರಿಸುವರು. ಕೆಲವರಿಗೆ ಬಂದೂಕಿನ ಚಿತ್ರ ಬರುತ್ತದೆ, ಕೆಲವರಿಗೆ ಖಾಕಿಯುಡುಗೆಯ ಪ್ರೊಫೈಲ್ ಚಿತ್ರವಿಟ್ಟುಕೊಂಡ 'ಇನ್‌ಸ್ಪೆಕ್ಟರ್' ಕರೆ ಮಾಡಿ ಕೇಸನ್ನು ಮುಚ್ಚಿಹಾಕಲು ಇಷ್ಟಾಗುವುದೆಂದು ಹೇಳುತ್ತಾನೆ. ಕೋಣೆಯ ಜೊತೆಗಾರ ಕಾರಣವನ್ನು ಊಹಿಸಿ ಕೇಳಿದರೆ, "ಯಾರ ಮುಂದ ಹೇಳ್ಲಿ ಅಣ್ಣಾ, ಊರಾಗ ಗೊತ್ತಾದ್ರ ನಮ್ಮಪ್ಪ ತಲಿ ಎತ್ತಿ ತಿರುಗಾಂಗಿಲ್ಲ" ಎಂಬ ಉತ್ತರ ಬರುತ್ತದೆ. ಆ ಉತ್ತರವೇ ವಂಚಕನ ಮೂಲಧನದ ಎರಡನೆಯ ಭಾಗ, ಮತ್ತು ದೊಡ್ಡ ಭಾಗ. ಕೆಟ್ಟ ಮಿಕ್ಸರು ಮಾರಿದವನ ಮೇಲೆ ಬೀದಿಯಲ್ಲಿ ನಿಂತು ಕೂಗಾಡಬಹುದು. ಇವನ ಮೇಲೆ ಪಿಸುಗುಟ್ಟುವುದಕ್ಕೂ ಧೈರ್ಯ ಸಾಲದು.

ಕಾನೂನಿನ ಸ್ಥಿತಿಯನ್ನು ನೋಡಿದರೆ ತರುಣನ ಅಳುಕು ಪೂರ್ತಿ ನಿರಾಧಾರವೆಂದೂ ಹೇಳುವಂತಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 23ನೆಯ ಪ್ರಕರಣವು, ಉದ್ದೇಶವು ಅನೈತಿಕವೆಂದು ನ್ಯಾಯಾಲಯಕ್ಕೆ ತೋರಿದ ಒಪ್ಪಂದವನ್ನು ಅಸಿಂಧುವೆಂದು ಸಾರುತ್ತದೆ. 1959ರಲ್ಲಿ ಘೇರುಲಾಲ್ ಪಾರಖ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಅನೈತಿಕತೆಯೆಂದರೆ ಲೈಂಗಿಕ ಅನೈತಿಕತೆಯೆಂದೇ ಅರ್ಥವನ್ನು ಸಂಕೋಚಿಸಿತು. ಅಂಥ ಕರಾರಿನ ಮುಂಗಡವನ್ನು ಸಿವಿಲ್ ನ್ಯಾಯಾಲಯದಲ್ಲಿ ಕೇಳಿ ಪಡೆಯುವುದು ದುಸ್ಸಾಧ್ಯ. ಈ ತತ್ತ್ವದ ಇಂಗ್ಲಿಷ್ ಪೂರ್ವಜವೊಂದು ಸ್ವಾರಸ್ಯವಾಗಿದೆ: 1866ರ ಪಿಯರ್ಸ್ ಮತ್ತು ಬ್ರೂಕ್ಸ್ ಮೊಕದ್ದಮೆಯಲ್ಲಿ, ಗಾಡಿ ತಯಾರಕರು ಒಬ್ಬಾಕೆಗೆ ಅವಳ ವೃತ್ತಿಯನ್ನು ತಿಳಿದೂ ಅಂದವಾದ ಕುದುರೆಗಾಡಿಯೊಂದನ್ನು ಕಂತಿನ ಮೇಲೆ ಕೊಟ್ಟರು; ಅವಳು ಗಾಡಿಯನ್ನು ಜಖಂಗೊಳಿಸಿ ಹಿಂದಿರುಗಿಸಿದಳು; ಹಣಕ್ಕಾಗಿ ಕಟ್ಟೆ ಹತ್ತಿದ ತಯಾರಕರನ್ನು ನ್ಯಾಯಾಧೀಶರು ಬರಿಗೈಯಲ್ಲಿ ಕಳುಹಿಸಿದರು. ಗ್ರಾಹಕ ಸಂರಕ್ಷಣೆಗೆಂದು 2019ರಲ್ಲಿ ಹೊಸ ಅಧಿನಿಯಮವಾಗಿದೆ. ಅದರಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳು, ದೂರು ಬಂದ ನಲವತ್ತೆಂಟು ಗಂಟೆಗಳೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ಕೊಡಲು ಅಧಿಕಾರಿಯೊಬ್ಬನಿರಬೇಕೆಂದು ವಿಧಿಸಿವೆ. ಸೀರೆಯ ಬಣ್ಣ ಚಿತ್ರದಲ್ಲಿದ್ದಂತೆ ಇಲ್ಲದಿದ್ದರೆ ಈ ಬಾಗಿಲನ್ನು ತಟ್ಟಬಹುದು. ನಮ್ಮ ತರುಣನಿಗೆ ಆ ಕಡೆ ತಲೆಹಾಕುವ ಯೋಚನೆಯೂ ಬಾರದು, ಬರಬೇಕೆಂದು ನಾನು ವಾದಿಸುತ್ತಲೂ ಇಲ್ಲ.

ಆದರೆ ಕರಾರು ಅಸಿಂಧುವಾದ ಮಾತ್ರಕ್ಕೆ ಮೋಸವು ಸಿಂಧುವಾಗುವುದಿಲ್ಲ, ಇದನ್ನು ಒತ್ತಿ ಹೇಳಬೇಕಾಗಿದೆ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದ ವಂಚನೆಯೂ 308ನೆಯ ಪ್ರಕರಣದ ಸುಲಿಗೆಯೂ, ವಂಚಿತನು ಯಾವ ಆಸೆಯಿಂದ ಹಣ ಕೊಟ್ಟನೆಂಬುದನ್ನು ವಂಚಕನಿಗೆ ರಕ್ಷಾಕವಚವಾಗಿ ಕೊಡುವುದಿಲ್ಲ. ಈ ವ್ಯವಹಾರವು ಹಿಂದೆಯೂ ಕಟ್ಟುಪಾಡಿನ ಹೊರಗಿರಲಿಲ್ಲ. ವಿಜಯನಗರಕ್ಕೆ 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ಗಣಿಕೆಯರ ಬೀದಿಯ ವೈಭವವನ್ನು ಬಣ್ಣಿಸಿ, ಆ ಮನೆಗಳ ಸುಂಕದಿಂದಲೇ ನಗರದ ಕಾವಲುಗಾರರಿಗೆ ವೇತನ ಸಲ್ಲುತ್ತಿತ್ತೆಂದೂ, ಏಳು ಕೋಟೆಗಳೊಳಗೆ ಕಳವಾದ ವಸ್ತುವನ್ನು ಆ ಕಾವಲುಗಾರರೇ ಹುಡುಕಿಕೊಡಬೇಕಿತ್ತು, ತಪ್ಪಿದರೆ ದಂಡ ತೆರಬೇಕಿತ್ತೆಂದೂ ಬರೆದಿಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯ ಹೆಸರಿನಲ್ಲಿ ದೊರೆತಿರುವ ಏಕೈಕ ವಚನವಾದರೂ ನಿಂತಿರುವುದು ಮುಂಗಡದ ನಿಷ್ಠೆಯ ಮೇಲೆಯೇ: ಒಬ್ಬನಿಂದ ಒತ್ತೆಯನ್ನು ಪಡೆದ ಮೇಲೆ ಇನ್ನೊಬ್ಬನದನ್ನು ಮುಟ್ಟಬಾರದೆಂಬ ತನ್ನ ವೃತ್ತಿಯ ಕಟ್ಟುಪಾಡನ್ನೇ ಅವಳು ಭಕ್ತಿಯ ಏಕನಿಷ್ಠೆಗೆ ಆಧಾರವಾಗಿ ಮಾಡಿಕೊಂಡಳು, ಅಂಕಿತವನ್ನೂ 'ನಿರ್ಲಜ್ಜೇಶ್ವರ' ಎಂದೇ ಇಟ್ಟುಕೊಂಡಳು. ಹಿಂದಿನ ಕಾಲ ಹೆಣ್ಣಿಗೆ ಸುಖದ ಕಾಲವಾಗಿತ್ತೆಂದು ಇದನ್ನೆಲ್ಲ ಎತ್ತಿಹಿಡಿಯುವುದು ಅವಿವೇಕವಾದೀತು. ದೇವದಾಸಿ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 1982ರಲ್ಲಿ, ಆಂಧ್ರಕ್ಕೆ 1988ರಲ್ಲಿ ಕಾಯಿದೆಗಳೇ ಬೇಕಾದವು. ಆದರೆ ಅಂದಿನ ಲೋಕದಲ್ಲಿ ಕೊಟ್ಟವರು ಯಾರು, ಕೊಂಡವರು ಯಾರು, ಮಾತು ತಪ್ಪಿದವರು ಯಾರು ಎಂಬುದಕ್ಕೆ ಒಂದು ಬೀದಿಯಿತ್ತು, ಒಂದು ಬಾಗಿಲಿತ್ತು.

ಹೈದರಾಬಾದಿಗೂ ಅಂಥ ಬೀದಿ ಇತ್ತು. ಉಪ್ಪಲ್‌ಗೆ ದೂರವಲ್ಲದ ಮೌಲಾ ಅಲಿ ಬೆಟ್ಟದ ಬುಡದಲ್ಲಿ, 1824ರಲ್ಲಿ ತೀರಿಕೊಂಡ ಮಾಹ್ ಲಖಾ ಬಾಯಿ ಚಂದಾಳ ಸಮಾಧಿಯಿದೆ. ನಿಜಾಮರ ದರ್ಬಾರಿನ ಗಾಯಕಿ, ನರ್ತಕಿ, ಉರ್ದುವಿನಲ್ಲಿ ತನ್ನದೇ ದಿವಾನನ್ನು ಸಂಕಲಿಸಿದ ಮೊದಲ ಕವಯಿತ್ರಿಯರಲ್ಲಿ ಒಬ್ಬಳು, ಜಹಗೀರುಗಳ ಒಡತಿ. ಉಸ್ಮಾನಿಯಾ ವಿಶ್ವವಿದ್ಯಾಲಯವು ನಿಂತಿರುವ ನೆಲದ ಭಾಗವು ಅವಳ ಜಹಗೀರಾಗಿತ್ತು. ಅಂಥ ಪ್ರತಿಷ್ಠೆ ಒಬ್ಬಿಬ್ಬರದು. ಚಾರ್‌ಮಿನಾರಿನ ಹತ್ತಿರದ ಮೆಹಬೂಬ್ ಕಿ ಮೆಹಂದಿಯ ಗಲ್ಲಿಗಳಲ್ಲಿದ್ದ ನೂರಾರು ಹೆಂಗಸರ ಪಾಡು ಬೇರೆ. 1996ರಲ್ಲಿ ಆ ಗಲ್ಲಿಗಳನ್ನು ಬಲವಂತದಿಂದ ತೆರವು ಮಾಡಿಸಿದರು. ಅಲ್ಲಿಂದ ಚದುರಿದವರ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಅವರೂ ಬ್ರದರ್ ಜೋಸ್ ವೆಟ್ಟಿಕಾಟಿಲ್ ಅವರೂ ಶಾಲೆಯೊಂದನ್ನು ತೆರೆದರು, 'ಪ್ರಜ್ವಲಾ' ಸಂಸ್ಥೆ ಅಲ್ಲಿಂದ ಬೆಳೆಯಿತು. ಗಲ್ಲಿ ಮುಚ್ಚಿದುದರಿಂದ ಬೇಡಿಕೆ ಮುಚ್ಚಲಿಲ್ಲ. ಅದು ಮೊದಲು ಬಾಡಿಗೆಯ ಮನೆಗಳಿಗೆ, ಅನಂತರ ಲಾಡ್ಜುಗಳಿಗೆ, ಕೊನೆಗೆ ಅಂಗೈಯಗಲದ ಗಾಜಿನೊಳಕ್ಕೆ ಹೋಯಿತು.

ಏಜೆನ್ಸಿ ನಿಜವಾದುದೇ ಆಗಿದ್ದರೆ ಏನಾಗುತ್ತದೆಂಬುದಕ್ಕೆ ಇದೇ ನಗರದಲ್ಲಿ ಉದಾಹರಣೆಯಿದೆ. 2022ರ ಡಿಸೆಂಬರಿನಲ್ಲಿ ಸೈಬರಾಬಾದ್ ಪೊಲೀಸರು ಹದಿನೇಳು ಮಂದಿಯನ್ನು ಬಂಧಿಸಿ, ಜಾಲತಾಣದ ಜಾಹೀರಾತು, ಕರೆಗಳನ್ನು ಸ್ವೀಕರಿಸುವ ಕಾಲ್ ಸೆಂಟರು, ವಾಟ್ಸ್ಆ್ಯಪ್ ಗುಂಪು, ಹೋಟೆಲ್ ಕೋಣೆ, ವಿಮಾನದ ಟಿಕೆಟು ಇವೆಲ್ಲವನ್ನೂ ಹೊಂದಿಸಿಕೊಂಡಿದ್ದ ಜಾಲವೊಂದನ್ನು ಬಯಲಿಗೆಳೆದರು. ಅದಕ್ಕೆ ಸಿಲುಕಿದ್ದ ಹೆಣ್ಣುಮಕ್ಕಳ ಸಂಖ್ಯೆ 14,190 ಎಂದು ಅವರು ಹೇಳಿದಾಗ, ಪತ್ರಿಕೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿ ಅಚ್ಚಾಗಿರಬೇಕೆಂದು ಸಂಶಯಿಸಿದವರು ಹಲವರಿದ್ದಾರು. ಕೆಲಸ ಕೊಡಿಸುತ್ತೇವೆಂಬ ಆಮಿಷಕ್ಕೆ ಬಂದವರು ಅವರಲ್ಲಿ ಅನೇಕರು. ಬಂಗಾಳದಿಂದ, ಮುಂಬಯಿಯಿಂದ, ನೇಪಾಳ ಬಾಂಗ್ಲಾದೇಶಗಳಿಂದ ಕೂಡ. ಗಿರಾಕಿಯ ದೃಷ್ಟಿಯಿಂದ ಇಲ್ಲಿ ಬುಕಿಂಗ್ ಅಚ್ಚುಕಟ್ಟಾಗಿತ್ತು, ಹೇಳಿದ ಹೊತ್ತಿಗೆ ಹೇಳಿದ ಕೋಣೆಯ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲನ್ನು ತೆರೆದವಳಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿತ್ತೇ, ತನ್ನ ಹೆಸರಿನಲ್ಲಿ ಎಷ್ಟು ಹಣ ಪಡೆದಿದ್ದಾರೆಂಬುದು ಅವಳಿಗೆ ತಿಳಿದಿತ್ತೇ ಎಂದು ಕೇಳುವ ಅಂಕಣ ಮಾತ್ರ ಆ ಸೇವೆಯ ಯಾವ ನಮೂನೆಯಲ್ಲೂ ಇರಲಿಲ್ಲ. ಮೋಸದ ಏಜೆನ್ಸಿಯಲ್ಲಿ ಗಿರಾಕಿ ಕಳೆದುಕೊಳ್ಳುವುದು ಹಣವನ್ನು; ನಿಜವಾದ ಏಜೆನ್ಸಿಯಲ್ಲಿ ಕಳೆದುಕೊಳ್ಳುವವಳು ಬೇರೆ, ಕಳೆದುಕೊಳ್ಳುವುದೂ ಬೇರೆ. ಈ ಎರಡರಲ್ಲಿ ಯಾವುದಕ್ಕೆ ನಾನು ಮೊದಲು ಮರುಗಬೇಕೆಂದು ಯಾರಾದರೂ ಕೇಳಿದರೆ ನನಗೆ ಕ್ಷಣದ ಸಂದೇಹವೂ ಇಲ್ಲ.

ಅವಳ ದೂರಿಗೂ ಈ ತನಕ ಬೆಲೆ ಕಡಿಮೆಯೇ. 1956ರಲ್ಲಿ ಬಂದು 1986ರ ತಿದ್ದುಪಡಿಯಿಂದ ಈಗಿನ ಹೆಸರನ್ನು ಪಡೆದ ಅನೈತಿಕ ಮಾನವ ಸಾಗಣೆ ತಡೆ ಕಾಯಿದೆಯು ವೇಶ್ಯಾಗೃಹವನ್ನು ನಡೆಸುವವನನ್ನು, ಅವಳ ಸಂಪಾದನೆಯಿಂದ ಬದುಕುವವನನ್ನು, ದಲ್ಲಾಳಿಯನ್ನು ಶಿಕ್ಷಿಸುತ್ತದೆ. ವಯಸ್ಕಳೊಬ್ಬಳು ಸ್ವಂತ ಇಚ್ಛೆಯಿಂದ ಖಾಸಗಿಯಾಗಿ ಈ ವೃತ್ತಿಯಲ್ಲಿದ್ದರೆ ಅದನ್ನೇ ಅಪರಾಧವೆನ್ನುವುದಿಲ್ಲ; ಬಹಿರಂಗವಾಗಿ ಕರೆದರೆ ಎಂಟನೆಯ ಪ್ರಕರಣ ಅವಳ ಮೇಲೆ ಬೀಳುತ್ತದೆ. ಎಸ್ಕಾರ್ಟ್ ಏಜೆನ್ಸಿಯೆಂಬ ಸಂಸ್ಥೆ ಹೀಗಾಗಿ, ಹೆಸರು ಎಷ್ಟು ನಯವಾಗಿದ್ದರೂ, ಕಾಯಿದೆಯು ಬೊಟ್ಟುಮಾಡಿದ ದಲ್ಲಾಳಿಯೇ. 2022ರ ಮೇ 19ರಂದು ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಲೈಂಗಿಕ ದೌರ್ಜನ್ಯಕ್ಕೊಳಗಾದ ಲೈಂಗಿಕ ಕಾರ್ಯಕರ್ತೆಗೆ ಇತರ ಹೆಣ್ಣುಮಕ್ಕಳಿಗೆ ಸಿಗುವ ಎಲ್ಲ ನೆರವೂ ಸಿಗಬೇಕು, ಪೊಲೀಸರು ಮಾತಿನಿಂದಲೂ ಕೈಯಿಂದಲೂ ಹಿಂಸಿಸಬಾರದು, ದಾಳಿಯ ವರದಿಗಳಲ್ಲಿ ಪತ್ರಿಕೆಗಳು ಗುರುತನ್ನು ಬಯಲು ಮಾಡಬಾರದು ಎಂದು ನಿರ್ದೇಶಿಸಿತು. ಕೊನೆಯ ಮಾತು ನಮ್ಮ ಕಸಬಿನವರಿಗೆ ಹೇಳಿದುದು. ಲಾಡ್ಜಿನ ಮೇಲೆ ದಾಳಿಯಾದಾಗ ಮುಖಕ್ಕೆ ವೇಲನ್ನು ಸುತ್ತಿಕೊಂಡು ವ್ಯಾನು ಹತ್ತುವ ಹೆಣ್ಣುಮಕ್ಕಳ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಕೋಣೆಯನ್ನು ಬುಕ್ ಮಾಡಿದವನನ್ನು ಒಳಪುಟದ ಒಂದು ಸಾಲಿಗೆ ಇಳಿಸುವ ನಮ್ಮ ಚಾಳಿ ಪೂರ್ತಿ ಬಿಟ್ಟಿದೆಯೆಂದು ಹೇಳಲಾರೆ.

ಇನ್ನು ಹಣ ಕಳೆದುಕೊಂಡ ತರುಣನ ವಿಷಯ. 2021ರಲ್ಲಿ ಆರಂಭವಾಗಿ ಮೊದಲು 155260 ಎಂಬ ಉದ್ದ ಸಂಖ್ಯೆಯಲ್ಲಿದ್ದ, ಈಗ 1930 ಆಗಿರುವ ರಾಷ್ಟ್ರೀಯ ಸೈಬರ್ ಸಹಾಯವಾಣಿಗೆ ಕರೆ ಮಾಡಿದರೆ, ಹಣ ಹೋದ ವ್ಯವಹಾರದ ಸಂಖ್ಯೆಯನ್ನೂ ಬ್ಯಾಂಕನ್ನೂ ಹೊತ್ತನ್ನೂ ಬರೆದುಕೊಂಡು, ಹಣ ಸೇರಿದ ಬ್ಯಾಂಕಿಗೆ ಸೂಚನೆಯನ್ನು ರವಾನಿಸುತ್ತಾರೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯಬಹುದು, ಮುಂದಿನ ಖಾತೆಗೆ ದಾಟಿದ್ದರೆ ಸೂಚನೆಯೂ ಅದನ್ನು ಬೆನ್ನಟ್ಟುತ್ತದೆ. ಆ ಖಾತೆಗಳಾದರೋ ಬಹುಮಟ್ಟಿಗೆ ವಂಚಕನವಲ್ಲ. ಕಮಿಷನ್ನಿನ ಆಸೆಗೆ ತನ್ನ ಪಾಸ್‌ಬುಕ್ಕನ್ನೂ ಸಿಮ್ಮನ್ನೂ ಬಾಡಿಗೆಗೆ ಕೊಟ್ಟ ಕೂಲಿಯವನದೋ ವಿದ್ಯಾರ್ಥಿಯದೋ ಆಗಿದ್ದು, ಹಣ ಅಲ್ಲಿ ನಿಲ್ಲುವುದು ನಿಮಿಷಗಳ ಲೆಕ್ಕದಲ್ಲಿ. ಆದಕಾರಣ ಹೊತ್ತು ಮೀರುವುದರೊಳಗೆ ಕರೆ ಮಾಡಿದವನಿಗೆ ಮಾತ್ರ ಈ ವ್ಯವಸ್ಥೆಯ ಪ್ರಯೋಜನ. ನಾಚಿಕೆಯಿಂದ ಮೂರು ದಿನ ಮಗ್ಗುಲು ಬದಲಿಸಿದವನಿಗೆ ದೊರೆಯುವುದು ಬರಿಯ ದೂರಿನ ಸಂಖ್ಯೆ. ಹಣವನ್ನು ಯಾತಕ್ಕೆ ಕಳುಹಿಸಿದಿರಿ ಎಂದು ಆ ಕಡೆಯವರು ಕೇಳಿಯೇ ಕೇಳುತ್ತಾರೆ. ಹೋಟೆಲ್ ಬುಕಿಂಗಿಗೆ ಎಂದು ತೇಲಿಸಿಬಿಡುವವರೂ ಉಂಟು. ಹಾಗೆ ತೇಲಿಸಿದ ದೂರು ಹೋಟೆಲ್ ಮೋಸಗಳ ಕಡತಕ್ಕೆ ಹೋಗಿ ಸೇರುತ್ತದೆ, ಅದೇ ವಾಟ್ಸ್ಆ್ಯಪ್ ಸಂಖ್ಯೆಯಿಂದ ಅದೇ ರಾತ್ರಿ ಮತ್ತೆ ನಾಲ್ವರು ಮೋಸಹೋದುದರೊಡನೆ ಅದಕ್ಕೆ ಸಂಬಂಧವೇ ಕೂಡುವುದಿಲ್ಲ. ಅದಕ್ಕಿಂತಲೂ ಹಾನಿಕರವಾದುದು, ಮನೆಯವರು ನೋಡಿಯಾರೆಂಬ ಭಯದಿಂದ ಮಾತುಕತೆಯನ್ನೆಲ್ಲ ಅಳಿಸಿಹಾಕುವುದು. ಬೆದರಿಕೆಯ ಸಂದೇಶ, ಕ್ಯೂಆರ್ ಚಿತ್ರ, 'ಅಕೌಂಟ್ಸ್ ವಿಭಾಗ'ದ ಧ್ವನಿಮುದ್ರಿಕೆ, ಜಾಹೀರಾತಿನ ನಕಲು, ಇವನ್ನು ಇದ್ದಂತೆಯೇ ಉಳಿಸಿಕೊಂಡು ಹೋದವನು ದೂರನ್ನು ಉಪ್ಪಲ್ ಠಾಣೆಯಲ್ಲಾಗಲಿ ರಾಯಚೂರಿನ ಠಾಣೆಯಲ್ಲಾಗಲಿ ಕೊಡಬಹುದು. ಮೋಸ ನಡೆದುದು ಬೇರೆ ಠಾಣೆಯ ಎಲ್ಲೆಯಲ್ಲೆಂಬ ನೆಪದಿಂದ ಮೊದಲ ಮಾಹಿತಿಯನ್ನು ಬರೆದುಕೊಳ್ಳದೆ ಕಳುಹಿಸುವಂತಿಲ್ಲವೆಂದು 2024ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ.